ಉಚ್ಚಂಗಿಯ ಬೆಟ್ಟದ ಮೇಲೆ ಉಳಿದದ್ದು

ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿನಲ್ಲಿ ಬಯಲಿನ ನಡುವೆ ತಲೆಯೆತ್ತಿ ನಿಂತ ಬಂಡೆಗಳ ಬೆಟ್ಟವೇ ಉಚ್ಚಂಗಿದುರ್ಗ. ಕದಂಬರ ಕಾಲದಲ್ಲಿ ಇದಕ್ಕೆ ಉಚ್ಚಶೃಂಗಿ ಎಂಬ ಹೆಸರಿತ್ತು. ಇಂದು ಬೆಟ್ಟವೇರಿದವರಿಗೆ ಕಾಣುವುದು ಕಾವಲಿಲ್ಲದ ಹೆಬ್ಬಾಗಿಲು, ಕುಸಿದ ಕೋಟೆಗೋಡೆ, ಪಾಳುಬಿದ್ದ ಕಟ್ಟಡಗಳ ಅವಶೇಷ. ಇವುಗಳ ಮಧ್ಯೆ ಜನರು ಕೈಬಿಡದ ನೆಲೆಯೊಂದಿದೆ. ಅದು ಉಚ್ಚಂಗೆಮ್ಮನ ಗುಡಿ.

ಈ ದುರ್ಗಕ್ಕಾಗಿ ಹರಿದ ರಕ್ತ ಸ್ವಲ್ಪವಲ್ಲ. ಹತ್ತನೆಯ ಶತಮಾನದಲ್ಲಿ ಗಂಗ ಮಾರಸಿಂಹನು ನೊಳಂಬರನ್ನು ಸೋಲಿಸಿ ಇದನ್ನು ಗೆದ್ದು, ‘ನೊಳಂಬಕುಲಾಂತಕ’ನೆನಿಸಿಕೊಂಡನು. ಬಳಿಕ ಇದು ಉಚ್ಚಂಗಿಯ ಪಾಂಡ್ಯರ ರಾಜಧಾನಿಯಾಯಿತು. 1177ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನು ಕಾಮದೇವ ಪಾಂಡ್ಯನಿಂದ ಇದನ್ನು ಕಿತ್ತುಕೊಂಡು, ಶರಣಾಗತನಾದ ಅವನಿಗೇ ರಾಜ್ಯವನ್ನು ಮರಳಿಸಿದನು. ಬಲ್ಲಾಳನ ‘ಗಿರಿದುರ್ಗಮಲ್ಲ’ ಎಂಬ ಬಿರುದಿಗೆ ಈ ಗೆಲುವೇ ಮೂಲವೆನ್ನುತ್ತಾರೆ. ಆ ಬಿರುದಿಗಿಂತ ಸೋತವನಿಗೆ ತೋರಿದ ಆ ದಯೆಯೇ ನನಗೆ ಹಿರಿದಾಗಿ ಕಾಣುತ್ತದೆ. ಮುಂದೆ ಪಾಳೆಯಗಾರರ ದಿನಗಳೂ ಮುಗಿದು, 1800ರಲ್ಲಿ ಬಳ್ಳಾರಿ ಸೀಮೆಯು ಕಂಪನಿ ಸರ್ಕಾರದ ವಶವಾದ ಮೇಲೆ ಗಿರಿದುರ್ಗಗಳಿಗೆ ಕೆಲಸವೇ ಇಲ್ಲದಂತಾಯಿತು. ದಂಡು ಇಳಿದುಹೋದ ಕೋಟೆಯನ್ನು ಮಳೆಬಿಸಿಲು ಕೆಡವಲು ಶತ್ರುವಿನ ನೆರವು ಬೇಕಿಲ್ಲ.

ಗುಡಿ ಮಾತ್ರ ಉಳಿದದ್ದೇಕೆ? ಅದಕ್ಕೆ ಕೆಳಗಿನ ಊರುಗಳಿಂದ ಕಾಲ್ನಡಿಗೆಯಲ್ಲೂ ಬಂಡಿ ಕಟ್ಟಿಕೊಂಡೂ ಬರುವ ಬಡವರ ಆಸರೆಯಿತ್ತು. ಮಾಘ ಮಾಸದ ಭರತ ಹುಣ್ಣಿಮೆಯಂದು ಅವರು ಬುಡದಲ್ಲಿರುವ ಹಾಲಮ್ಮನ ತೋಪಿನಲ್ಲಿ ಮಿಂದು ಬೆಟ್ಟವೇರುತ್ತಾರೆ. ಆದರೆ ಆ ಭಕ್ತಿಯ ನೆರಳಿನಲ್ಲಿಯೇ ‘ಮುತ್ತು ಕಟ್ಟುವ’ ರೂಢಿಯೂ ಉಳಿದು ಬಂತೆಂಬುದನ್ನು ಚರಿತ್ರೆ ಬರೆಯುವವರು ಮರೆಮಾಚಲಾಗದು. ಮನೆಯಲ್ಲಿ ಗಂಡುಮಗುವಿಲ್ಲವೆಂದೋ, ಕಾಯಿಲೆ ವಾಸಿಯಾಗಲೆಂದೋ ಹರಕೆ ಹೊತ್ತು ಎಳೆಯ ಹೆಣ್ಣುಮಕ್ಕಳನ್ನು ದೇವಿಗೆ ಬಿಡುತ್ತಿದ್ದರು. ಬಿಟ್ಟವರಲ್ಲಿ ಬಹುಪಾಲು ದಲಿತರು. ಅವರ ಬಾಳನ್ನು ಅನುಭವಿಸಿದವರು ಮಾತ್ರ ಬೇರೆಯವರು, ಊರಿನ ಉಳ್ಳವರು. ಈ ಅನ್ಯಾಯವನ್ನು ದೇವಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಹಸಿವು, ಜಾತಿ ಮತ್ತು ಗಂಡಸಿನ ದರ್ಪ ಮೂರೂ ಸೇರಿ ನೇಯ್ದ ಬಲೆಯಿದು.

1982ರಲ್ಲಿ ಕರ್ನಾಟಕವು ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯಿದೆಯನ್ನು ತಂದಿತು. ಆದರೂ 1993–94 ಮತ್ತು 2007–08ರ ಸರ್ಕಾರಿ ಸಮೀಕ್ಷೆಗಳಲ್ಲಿ ರಾಜ್ಯದಾದ್ಯಂತ ದಾಖಲಾದವರು ಒಟ್ಟು 46,660 ಮಹಿಳೆಯರು. ಬಳ್ಳಾರಿ, ವಿಜಯನಗರ, ಕೊಪ್ಪಳ ಜಿಲ್ಲೆಗಳ ಹಳ್ಳಿಗಳಲ್ಲಿ ಅವರಲ್ಲಿ ಅನೇಕರು ಅಲ್ಪ ಮಾಸಾಶನವನ್ನೇ ನೆಚ್ಚಿ ಮುಪ್ಪಿನ ದಿನಗಳನ್ನು ಕಳೆದರು. ಅವರ ಮಕ್ಕಳು ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರು ಬರೆಯುವ ಜಾಗಕ್ಕೆ ಬಂದಾಗ ಲೇಖನಿಯನ್ನು ಅಲ್ಲಿಯೇ ನಿಲ್ಲಿಸಬೇಕಾಗುತ್ತಿತ್ತು.