ನದಿಯ ಹೆಸರು ಹೊತ್ತ ಐದು ವರ್ಷದ ಕ್ಯಾಂಟನ್

ಸ್ವಿಟ್ಜರ್‌ಲೆಂಡಿನ 26 ಕ್ಯಾಂಟನ್‌ಗಳಲ್ಲಿ ‘ಲಿಂಟ್’ ಎಂಬುದಿಲ್ಲ. ಆ ಹೆಸರಿನ ಕ್ಯಾಂಟನ್ ಇದ್ದದ್ದು 1798ರಿಂದ 1803ರವರೆಗೆ ಮಾತ್ರ.

1798ರಲ್ಲಿ ಫ್ರೆಂಚ್ ಸೇನೆ ನುಗ್ಗಿ, ಹಳೆಯ ಒಕ್ಕೂಟದ ಜಾಗದಲ್ಲಿ ಏಕೀಕೃತ ಹೆಲ್ವೆಟಿಕ್ ಗಣರಾಜ್ಯ ಸ್ಥಾಪನೆಯಾಯಿತು. ಗುಡ್ಡಗಾಡಿನ ಗ್ಲಾರುಸ್ ಪ್ರತಿಭಟಿಸಿತು. ಸಣ್ಣ ಕ್ಯಾಂಟನ್‌ಗಳನ್ನು ಕೂಡಿಸಿದರೆ ಶಾಸನಸಭೆಯಲ್ಲಿ ಅವುಗಳ ಬಲ ಕುಗ್ಗುತ್ತದೆಯಲ್ಲವೇ? ಹಾಗಾಗಿ ಗ್ಲಾರುಸನ್ನು ನೆರೆಯ ಪ್ರದೇಶಗಳೊಡನೆ ಸೇರಿಸಿ, ಫ್ರೆಂಚ್ ಪದ್ಧತಿಯಂತೆ ನದಿಯ ಹೆಸರಿಟ್ಟರು.

ಆ ನದಿಯೋ ಜನರಿಗೆ ಸಂಕಟವಾಗಿತ್ತು. ಆಲ್ಪ್ಸ್‌ನಿಂದ ರಭಸವಾಗಿ ಇಳಿಯುವ ಲಿಂಟ್, ಬಯಲಿಗೆ ಬಂದೊಡನೆ ನಿಧಾನವಾಗುತ್ತದೆ. ವೇಗ ತಗ್ಗಿದಂತೆ ಜಲ್ಲಿ, ಮರಳು ಹೊರುವ ಸಾಮರ್ಥ್ಯವೂ ತಗ್ಗುತ್ತದೆ. ವಾಲೆನ್ ಸರೋವರದಿಂದ ಹೊರಬರುವ ನೀರಿನ ದಾರಿಯಲ್ಲೇ ಈ ಹೂಳು ತುಂಬಿತು. ಸರೋವರದ ಮಟ್ಟ ಏರಿತು. ವೇಸೆನ್ ಊರಿಗೆ ನೀರು ನುಗ್ಗಿತು. ಬಯಲು ಜೌಗಾಗಿ ಮಲೇರಿಯಾ ಹರಡಿತು. ಸೊಳ್ಳೆಯ ಪಾತ್ರ ಆಗ ತಿಳಿದಿರಲಿಲ್ಲ. ಅದಕ್ಕೆ 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ನಡೆಸಿದ ಸಂಶೋಧನೆಯವರೆಗೆ ಕಾಯಬೇಕಾಯಿತು.

ಪರಿಹಾರದ ಯೋಜನೆ 18ನೇ ಶತಮಾನದ ಕೊನೆಯಲ್ಲೇ ಸಿದ್ಧವಿತ್ತು. ನೊಂದ ಬಯಲಿನ ಬಹುಭಾಗ ಈಗ ಒಂದೇ ಆಡಳಿತದಡಿ ಬಂದಿತ್ತು. ಆದರೂ ಕೆಲಸ ಆರಂಭವಾಗಲಿಲ್ಲ. 1799ರಲ್ಲಿ ಫ್ರೆಂಚ್, ಆಸ್ಟ್ರಿಯನ್, ರಷ್ಯನ್ ಸೇನೆಗಳು ಇಲ್ಲೇ ಕಾದಾಡಿದವು. ಗಣರಾಜ್ಯದ ಬೊಕ್ಕಸ ಬರಿದಾಗಿತ್ತು. 1803ರಲ್ಲಿ ನೆಪೋಲಿಯನ್ನನ ಮಧ್ಯಸ್ಥಿಕೆ ಶಾಸನ ಈ ಕ್ಯಾಂಟನನ್ನು ರದ್ದುಗೊಳಿಸಿತು. ಬಯಲು ಗ್ಲಾರುಸ್, ಸಾಂಕ್ಟ್ ಗಾಲೆನ್, ಶ್ವೀಟ್ಸ್‌ಗಳ ನಡುವೆ ಹಂಚಿಹೋಯಿತು.

ವಿಚಿತ್ರವೆಂದರೆ, ಕೆಲಸ ನಡೆದದ್ದು ಆಮೇಲೆ! ಜೂರಿಕ್‌ನ ಭೂವಿಜ್ಞಾನಿ ಹಾನ್ಸ್ ಕೊನ್ರಾಡ್ ಎಶರ್ ಮುಂದಾಳತ್ವದಲ್ಲಿ, ಷೇರು ಮಾರಿ ಹಣ ಕೂಡಿಸಿ, 1807ರಲ್ಲಿ ಅಗೆತ ಆರಂಭವಾಯಿತು. 1811ರಲ್ಲಿ ಕಾಲುವೆಯೊಂದು ಲಿಂಟ್ ನದಿಯನ್ನು ನೇರವಾಗಿ ವಾಲೆನ್ ಸರೋವರಕ್ಕೇ ತಿರುಗಿಸಿತು. ಸರೋವರದ ನಿಂತ ನೀರಿನಲ್ಲಿ ಹೂಳು ತಳಸೇರುತ್ತದೆ. ತಿಳಿನೀರು ಮತ್ತೊಂದು ಕಾಲುವೆಯ ಮೂಲಕ ಜೂರಿಕ್ ಸರೋವರಕ್ಕೆ ಸಾಗುತ್ತದೆ. ಈ ಎರಡನೆಯ ಕಾಲುವೆ 1816ರಲ್ಲಿ ತೆರೆಯಿತು. ಕಾಲಕ್ರಮದಲ್ಲಿ ವಾಲೆನ್ ಸರೋವರದ ಮಟ್ಟ 5 ಮೀಟರಿಗೂ ಹೆಚ್ಚು ಇಳಿಯಿತು. ಎಶರ್ 1823ರಲ್ಲಿ ತೀರಿಕೊಂಡರು. ಅವರ ಕುಟುಂಬದ ಹೆಸರಿಗೆ ‘ಲಿಂಟ್‌ನ’ ಎಂಬ ಗೌರವ ಸೇರಿತು.

ತರಗತಿಯಲ್ಲಿ ಇದನ್ನು ಮಾಡಿನೋಡಿ. ಓರೆಯಾಗಿಟ್ಟ ತಟ್ಟೆಯ ಮೇಲ್ತುದಿಯಲ್ಲಿ ಮರಳು ಹರಡಿ, ನೀರು ಸುರಿಯಿರಿ. ಮರಳು ಎಲ್ಲಿ ನಿಲ್ಲುತ್ತದೆಂದು ಗುರುತಿಸಿ. ನದಿಯ ಹೆಸರಿಟ್ಟು ಗಡಿ ಎಳೆದವರು ಐದೇ ವರ್ಷ ಉಳಿದರು. ನದಿಯ ನಡತೆಯನ್ನು ಅರಿತು ತೋಡಿದ ಕಾಲುವೆಗಳು ಇಂದಿಗೂ ಹರಿಯುತ್ತಿವೆ.