ಗುಳಿಗೆ ಬಳ್ಳಾರಿಗೆ ಬಂದದ್ದು

ನಮ್ಮಂಥ ಐಟಿ ಮಂದಿಗೆ ನಿಮ್ಹಾನ್ಸ್ ಅಂದ್ರೆ ಹೊಸೂರು ರಸ್ತೆಯಲ್ಲಿ ಕ್ಯಾಬ್ ಸಿಕ್ಕಿಹಾಕಿಕೊಳ್ಳೋ ಒಂದು ಜಾಗ. ನಮ್ಮೂರ ಕಡೆಯವರಿಗೆ ಹಾಗಲ್ಲ. ಅಲ್ಲಿಗೆ ಹೋಗಿಬರೋದು ಅಂದ್ರೆ ರಾತ್ರಿ ಬಸ್ಸು, ಕಾಯಿಲೆಯವರ ಜೊತೆಗೆ ಇಬ್ಬರು, ಎರಡು ದಿನದ ಕೂಲಿ ಖೋತಾ. ಸ್ಕಿಜೋಫ್ರೀನಿಯಾಗೆ ಒಂದು ಸಲ ತೋರಿಸಿದರೆ ಮುಗಿಯೋದಿಲ್ಲ. ಎಷ್ಟೋ ಜನ ವರ್ಷಗಟ್ಟಲೆ ಗುಳಿಗೆ ನುಂಗಬೇಕು. ಚೆನ್ನಾಗಾಗಿ ಮನೆಗೆ ಬಂದವನು, ಗುಳಿಗೆ ಮುಗಿದಾಗ ಬಸ್ ಚಾರ್ಜಿಗೆ ದುಡ್ಡಿಲ್ಲದೆ ಮತ್ತೆ ಮೊದಲಿನ ಹಾಗಾದರೆ ಯಾರನ್ನು ಬೈಯೋಣ?

ಈ ಪ್ರಶ್ನೆಗೆ ಕೈಹಾಕಿದ್ದು ಅದೇ ನಿಮ್ಹಾನ್ಸಿನ ಡಾಕ್ಟರುಗಳು. 1970ರ ದಶಕದಲ್ಲಿ ಬೆಂಗಳೂರಿನ ಹೊರಗೆ ಸಕಲವಾರದಲ್ಲಿ ಒಂದು ಕೇಂದ್ರ ತೆರೆದು, ಹಳ್ಳಿಯ ಆರೋಗ್ಯ ಸಿಬ್ಬಂದಿಗೇ ಈ ಕೆಲಸ ಕಲಿಸಬಹುದಾ ಅಂತ ನೋಡಿದರು. ಆಮೇಲೆ, 1985ರಲ್ಲಿ, ಇಡೀ ಬಳ್ಳಾರಿ ಜಿಲ್ಲೆಯನ್ನೇ ಆರಿಸಿಕೊಂಡರು.

ಅಲ್ಲಿ ಹೊಸ ಹುಚ್ಚಾಸ್ಪತ್ರೆ ಕಟ್ಟಲಿಲ್ಲ. (ಕಟ್ಟಿದ್ದರೆ ಉದ್ಘಾಟನೆ, ಕಲ್ಲು, ಫೋಟೋ ಎಲ್ಲಾ ಇರ್ತಿತ್ತು.) ಇದ್ದ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ತರಬೇತಿ ಕೊಟ್ಟರು. ಮನೆಮನೆ ಸುತ್ತೋ ಆರೋಗ್ಯ ಕಾರ್ಯಕರ್ತರಿಗೆ ಏನನ್ನು ಗಮನಿಸಬೇಕು ಅಂತ ಹೇಳಿಕೊಟ್ಟರು: ಯಾರು ಒಬ್ಬರೇ ಮಾತಾಡ್ತಾರೆ, ಯಾರು ಸ್ನಾನ, ಊಟ, ನಿದ್ದೆ ಬಿಟ್ಟಿದ್ದಾರೆ, ಯಾರಿಗೆ ಮೂರ್ಛೆ ಬರುತ್ತೆ. ಮುಖ್ಯವಾದ ಕೆಲವೇ ಔಷಧಿಗಳು ಆ ಕೇಂದ್ರದಲ್ಲೇ ಸಿಗೋ ಹಾಗೆ ಮಾಡಿದರು. ಕಷ್ಟದ ಕೇಸುಗಳು ಮಾತ್ರ ಜಿಲ್ಲಾ ಕೇಂದ್ರಕ್ಕೆ. ಬೆಂಗಳೂರಿನ ಬಸ್ಸು ಹತ್ತಬೇಕಾದ ಕೆಲಸ ಪಕ್ಕದ ಹೋಬಳಿಯಲ್ಲೇ ಮುಗಿಯೋದಕ್ಕೆ ಶುರುವಾಯ್ತು. ನನ್ನ ಪ್ರಕಾರ ನಮ್ಮ ರಾಜ್ಯ ದೇಶಕ್ಕೆ ಕೊಟ್ಟ ಒಳ್ಳೇ ಡಿಸೈನುಗಳಲ್ಲಿ ಇದೂ ಒಂದು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದ್ದು ಈ ಬಳ್ಳಾರಿ ಮಾದರಿಯ ಮೇಲೇ.

ದೇಶದ ತುಂಬ ಅದು ತಲುಪೋ ವೇಗ ಮಾತ್ರ ಬೇರೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಹತ್ತಿರದ ಒಂದು ಖಾಸಗಿ ಆಶ್ರಯಕ್ಕೆ ಬೆಂಕಿ ಬಿತ್ತು. ಸರಪಳಿ ಹಾಕಿ ಕಟ್ಟಿದ್ದರಿಂದ ಓಡಲಾಗದೆ 28 ಜನ ಸತ್ತರು. ಅವರನ್ನು ಅಲ್ಲಿ ಬಿಟ್ಟು ಹೋದ ಮನೆಯವರನ್ನು ಕಲ್ಲೆದೆಯವರು ಅನ್ನೋದು ಸುಲಭ. ಊರ ಹತ್ತಿರ ಡಾಕ್ಟರೂ ಇಲ್ಲ, ಗುಳಿಗೆಯೂ ಇಲ್ಲ ಅಂದ್ರೆ ಇನ್ನೆಲ್ಲಿಗೆ ಕರಕೊಂಡು ಹೋಗ್ತಾರೆ?

2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕೋದನ್ನು ಪೂರ್ತಿ ನಿಷೇಧಿಸಿತು. ಚಿಕಿತ್ಸೆ ಪಡೆಯೋದು ಹಕ್ಕು ಅಂತಲೂ ಬರೆಯಿತು. ಆದರೆ ತರಬೇತಿ ಪಡೆದ ಡಾಕ್ಟರಿಗೆ ಟ್ರಾನ್ಸ್‌ಫರ್ ಆದರೆ ಆ ತರಬೇತಿಯೂ ಅವರ ಸೂಟ್‌ಕೇಸಲ್ಲೇ ಹೋಗಿಬಿಡುತ್ತೆ. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ನಮ್ಮ ಆರೋಗ್ಯ ಕೇಂದ್ರದಲ್ಲಿ ರಿಸ್ಪೆರಿಡೋನ್ ಗುಳಿಗೆ ಇದೆಯಾ ಅಂತ ಕೇಳಬೇಕು.