ಸಂತಾನಾಪೇಕ್ಷೆ: ಮನೆಯಲ್ಲಿ ಕಾಯುವ ಕಾಲ, ವೈದ್ಯರನ್ನು ಕಾಣುವ ಕಾಲ

ವಿವಾಹವಾಗಿ ವರ್ಷವೊಂದು ಕಳೆಯುವಷ್ಟರಲ್ಲಿ ಊರಿನಿಂದ ಬರುವ ದೂರವಾಣಿ ಕರೆಗಳಲ್ಲಿಯೂ, ಮುಂಬಯಿಯ ಮದುವೆ ಮಂಟಪಗಳಲ್ಲಿಯೂ, ಅರಸಿನ ಕುಂಕುಮದ ಕೂಟಗಳಲ್ಲಿಯೂ ಸೊಸೆಗೆ ಎದುರಾಗುವ ಪ್ರಶ್ನೆಯೊಂದಿದೆ: "ಏನಾದರೂ ವಿಶೇಷ ಉಂಟೇ?" ಕೇಳುವವರ ಮನಸ್ಸಿನಲ್ಲಿ ಕೆಡುಕಿರುವುದಿಲ್ಲ. ಆದರೆ ಈ ಪ್ರಶ್ನೆ ಗಂಡನ ಬಳಿಗೆ ಹೋಗುವುದು ಅಪರೂಪ. ನಮ್ಮ ಭಾಷೆಯ ಸ್ಥಿತಿಯೂ ಅಂತಹುದೇ. ಸಂಸ್ಕೃತದ 'ವಂಧ್ಯಾ' ಶಬ್ದದಿಂದ ಬಂದ 'ಬಂಜೆ' ಎಂಬುದು ಸ್ತ್ರೀಯನ್ನು ಕುರಿತ ಪದ. ಸಂತಾನವಾಗದ ಪುರುಷನಿಗೆ ದಿನಬಳಕೆಯ ಮಾತಿನಲ್ಲಿ ಸಮನಾದ ಪದವಿಲ್ಲ. ಇದರ ಪರಿಣಾಮವಾಗಿ ಅನೇಕ ಮನೆಗಳಲ್ಲಿ ಹೆಂಡತಿಯೊಬ್ಬಳೇ ವರ್ಷಗಟ್ಟಲೆ ಔಷಧ, ವ್ರತ, ತಪಾಸಣೆಗಳಿಗೆ ಒಳಗಾಗುತ್ತಾಳೆ. ಅಮೂಲ್ಯವಾದ ಕಾಲ ವ್ಯರ್ಥವಾಗುತ್ತದೆ. ಮನೆಯಲ್ಲಿ ಏನನ್ನು ತಿಳಿಯಬಹುದು, ಎಷ್ಟು ಕಾಲ ಕಾಯಬಹುದು, ಅನಂತರ ಇಬ್ಬರೂ ಏನು ಮಾಡಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಬಂಜೆತನವೆಂದರೇನು?

ಯಾವುದೇ ಗರ್ಭನಿರೋಧಕ ಬಳಸದೆ, 12 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ನಿಯಮಿತ ದಾಂಪತ್ಯ ಸಂಬಂಧವಿದ್ದೂ ಗರ್ಭ ನಿಲ್ಲದಿರುವುದನ್ನು ವಿಶ್ವ ಆರೋಗ್ಯ ಸಂಸ್ಥೆಯು ಬಂಜೆತನವೆಂದು ವ್ಯಾಖ್ಯಾನಿಸುತ್ತದೆ. ಇದು ಸ್ತ್ರೀ ಅಥವಾ ಪುರುಷ ಸಂತಾನಾಂಗಗಳ ಒಂದು ಕಾಯಿಲೆಯೇ ಹೊರತು ಯಾರ ಕರ್ಮಫಲವೂ ಅಲ್ಲ. 2023ರಲ್ಲಿ ಆ ಸಂಸ್ಥೆಯು ಪ್ರಕಟಿಸಿದ ವರದಿಯಂತೆ ಜಗತ್ತಿನ ವಯಸ್ಕರಲ್ಲಿ ಸುಮಾರು ಶೇ. 17.5 ಮಂದಿ, ಅಂದರೆ ಸ್ಥೂಲವಾಗಿ ಆರರಲ್ಲಿ ಒಬ್ಬರು, ಜೀವಮಾನದ ಯಾವುದಾದರೂ ಘಟ್ಟದಲ್ಲಿ ಇದನ್ನು ಅನುಭವಿಸುತ್ತಾರೆ. ಮೊದಲ ಮಗುವಾದ ಮೇಲೆ ಎರಡನೆಯದು ಆಗದಿರುವುದೂ ಇದೇ ವ್ಯಾಖ್ಯೆಯೊಳಗೆ ಬರುತ್ತದೆ.

ಹನ್ನೆರಡು ತಿಂಗಳನ್ನು ಎಣಿಸುವಾಗ ಒಂದು ಎಚ್ಚರ ಅಗತ್ಯ. ಪತಿ ಮುಂಬಯಿಯ ಹೋಟೆಲಿನಲ್ಲಿ, ಪತ್ನಿ ಊರಿನಲ್ಲಿ ಎಂಬ ಬದುಕು ನಮ್ಮವರಿಗೆ ಹೊಸತಲ್ಲ. ಇಂದು ಹಡಗಿನಲ್ಲಿ ಅಥವಾ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರ, ಒಬ್ಬರು ಹಗಲು ಪಾಳಿ ಇನ್ನೊಬ್ಬರು ರಾತ್ರಿ ಪಾಳಿ ಮಾಡುವವರ ಸ್ಥಿತಿಯೂ ಹಾಗೆಯೇ. ಮದುವೆಯಾದ ದಿನಾಂಕದಿಂದಲ್ಲ, ಜೊತೆಯಾಗಿ ಬಾಳಿದ ತಿಂಗಳುಗಳಿಂದ ಲೆಕ್ಕ ಹಿಡಿಯಬೇಕು. ಮೂರು ವರ್ಷಗಳ ದಾಂಪತ್ಯದಲ್ಲಿ ಒಟ್ಟಿಗೆ ಇದ್ದದ್ದು ಐದೇ ತಿಂಗಳಾಗಿದ್ದರೆ ಅದನ್ನು ಬಂಜೆತನವೆನ್ನಲಾಗದು. ಆರೋಗ್ಯವಂತ ಯುವ ದಂಪತಿಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿಗೆ ಒಂದು ವರ್ಷದೊಳಗೆ ಗರ್ಭ ನಿಲ್ಲುತ್ತದೆ. ಉಳಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಎರಡನೆಯ ವರ್ಷದಲ್ಲಿ ಯಾವ ಚಿಕಿತ್ಸೆಯೂ ಇಲ್ಲದೆ ಫಲ ದೊರೆಯುತ್ತದೆ. ಹೀಗಾಗಿ ನಾಲ್ಕು ತಿಂಗಳಿಗೇ ಗಾಬರಿಯಾಗುವುದು ಬೇಡ.

ಮನೆಯಲ್ಲಿಯೇ ತಿಳಿಯಬಹುದಾದದ್ದು

ಮುಟ್ಟಿನ ಮೊದಲ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತಿಸುವುದು ಮೊದಲ ಹೆಜ್ಜೆ. ಅಂಡಾಶಯದಿಂದ ಅಂಡಾಣು ಹೊರಬರುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನಗಳ ಮೊದಲು. ಋತುಚಕ್ರ 28 ದಿನಗಳದ್ದಾದರೆ ಅದು 14ನೆಯ ದಿನವಾಗುತ್ತದೆ. 35 ದಿನಗಳದ್ದಾದರೆ 21ನೆಯ ದಿನದ ಸುಮಾರಿಗೆ ಬರುತ್ತದೆ. ಎಲ್ಲ ಸ್ತ್ರೀಯರಿಗೂ 14ನೆಯ ದಿನವೇ ಎಂಬ ತಿಳಿವಳಿಕೆ ತಪ್ಪು.

ಹೊರಬಂದ ಅಂಡಾಣು 12ರಿಂದ 24 ಗಂಟೆಗಳ ಕಾಲ ಮಾತ್ರ ಫಲಿಸಬಲ್ಲದು. ಆದರೆ ವೀರ್ಯಾಣು ಸ್ತ್ರೀಯ ದೇಹದೊಳಗೆ ಐದು ದಿನಗಳವರೆಗೂ ಬದುಕಬಲ್ಲದು. ಆದ್ದರಿಂದ ಅಂಡಾಣು ಬಿಡುಗಡೆಯಾಗುವ ದಿನ ಮತ್ತು ಅದರ ಹಿಂದಿನ ಐದು ದಿನ, ಒಟ್ಟು ಆರು ದಿನಗಳು ಗರ್ಭಧಾರಣೆಗೆ ಅನುಕೂಲ. ದಿನ ಹಿಡಿದು ಲೆಕ್ಕ ಹಾಕುವುದು ಮನಸ್ಸಿಗೆ ಭಾರವೆನಿಸಿದರೆ, ತಿಂಗಳುದ್ದಕ್ಕೂ ಎರಡು ಮೂರು ದಿನಗಳಿಗೊಮ್ಮೆ ಕೂಡಿದರೂ ಈ ಅವಧಿ ತಪ್ಪಿಹೋಗದು.

ಈ ದಿನಗಳಲ್ಲಿ ಯೋನಿಸ್ರಾವವು ಮೊಟ್ಟೆಯ ಬಿಳಿಯಂತೆ ತೆಳುವಾಗಿ, ಪಾರದರ್ಶಕವಾಗಿ ಎಳೆಯಾಗುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ಅಳೆದ ದೇಹದ ಉಷ್ಣತೆಯು ಅಂಡಾಣು ಬಿಡುಗಡೆಯಾದ ಮೇಲೆ ಅರ್ಧ ಡಿಗ್ರಿ ಸೆಲ್ಸಿಯಸ್‌ನೊಳಗೆ ಏರುತ್ತದೆ. ಆದರೆ ಏರಿಕೆ ಕಂಡಾಗ ಅನುಕೂಲ ದಿನಗಳು ಕಳೆದಿರುತ್ತವೆ. ಔಷಧದಂಗಡಿಯಲ್ಲಿ ಸಿಗುವ ಓವ್ಯುಲೇಶನ್ ಕಿಟ್ ಮೂತ್ರದಲ್ಲಿ ಎಲ್.ಎಚ್. ಹಾರ್ಮೋನಿನ ಏರಿಕೆಯನ್ನು ಗುರುತಿಸುತ್ತದೆ. ಏರಿಕೆಯಾದ ಒಂದು ಒಂದೂವರೆ ದಿನದಲ್ಲಿ ಅಂಡಾಣು ಹೊರಬರುವುದು ರೂಢಿ. ಪಿ.ಸಿ.ಓ.ಎಸ್. ಇರುವವರಲ್ಲಿ ಈ ಹಾರ್ಮೋನು ಸದಾ ಹೆಚ್ಚಿರಬಹುದಾದ್ದರಿಂದ ಕಿಟ್ ಸುಳ್ಳು ಸೂಚನೆ ನೀಡುವುದುಂಟು. ಮೊಬೈಲಿನ ಆ್ಯಪ್‌ಗಳು ಹಿಂದಿನ ತಿಂಗಳುಗಳ ಆಧಾರದಲ್ಲಿ ಊಹಿಸುತ್ತವೆಯಷ್ಟೆ.

ಈ ಎಲ್ಲ ಸಾಧನಗಳ ಮಿತಿಯನ್ನು ಗೃಹಿಣಿಯರು ಅರಿತಿರಬೇಕು. ಗರ್ಭನಾಳಗಳು ತೆರೆದಿವೆಯೇ, ಗರ್ಭಕೋಶ ಸರಿಯಿದೆಯೇ, ಪತಿಯ ವೀರ್ಯಾಣುಗಳು ಸಾಕಷ್ಟಿವೆಯೇ ಎಂಬುದನ್ನು ಯಾವ ಕಿಟ್ಟೂ ಹೇಳಲಾರದು. ತಿಂಗಳು ತಿಂಗಳೂ ಅನುಕೂಲ ದಿನ ಸರಿಯಾಗಿ ಕಂಡರೂ ವರ್ಷ ಕಳೆದಿದ್ದರೆ, ಇನ್ನೊಂದು ಡಬ್ಬಿ ಕಿಟ್ ಕೊಳ್ಳುವುದರಿಂದ ಪ್ರಯೋಜನವಿಲ್ಲ.

ಎಷ್ಟು ಕಾಯಬೇಕು?

ಸ್ತ್ರೀಯ ವಯಸ್ಸು 35ರೊಳಗಿದ್ದರೆ ಒಂದು ವರ್ಷ, 35 ದಾಟಿದ್ದರೆ ಆರು ತಿಂಗಳು. 40 ದಾಟಿದ್ದರೆ ಕಾಯದೆ ತಜ್ಞರನ್ನು ಕಾಣಬೇಕು. ಹುಟ್ಟುವಾಗ ಹೆಣ್ಣುಮಗುವಿನ ಅಂಡಾಶಯಗಳಲ್ಲಿ ಹತ್ತರಿಂದ ಇಪ್ಪತ್ತು ಲಕ್ಷ ಅಂಡಾಣುಗಳಿರುತ್ತವೆ. ಮೈನೆರೆಯುವ ವೇಳೆಗೆ ಅವು ಮೂರು ನಾಲ್ಕು ಲಕ್ಷಕ್ಕೆ ಇಳಿಯುತ್ತವೆ. ಹೊಸವು ಹುಟ್ಟುವುದಿಲ್ಲ. 35ರ ಬಳಿಕ ಸಂಖ್ಯೆ ಮತ್ತು ಗುಣ ಎರಡೂ ವೇಗವಾಗಿ ಕುಗ್ಗುತ್ತವೆ. ಶಿಕ್ಷಣ, ಉದ್ಯೋಗ, ಸ್ವಂತ ಮನೆಯ ಸಾಲದ ಕಂತು ಎಂದು ಮಗುವನ್ನು ಮುಂದೂಡುವ ಮಹಾನಗರದ ಕುಟುಂಬಗಳು ಈ ಲೆಕ್ಕವನ್ನು ಮರೆಯಬಾರದು.

ಮುಟ್ಟು 21 ದಿನಗಳಿಗಿಂತ ಬೇಗ ಅಥವಾ 35 ದಿನಗಳಿಗಿಂತ ತಡವಾಗಿ ಬರುತ್ತಿದ್ದರೆ, ಮುಟ್ಟಿನ ನೋವು ಅಸಹನೀಯವಾಗಿದ್ದರೆ, ಹಿಂದೆ ಕ್ಷಯ, ಹೊಟ್ಟೆಯ ಶಸ್ತ್ರಚಿಕಿತ್ಸೆ ಅಥವಾ ಗರ್ಭನಾಳದಲ್ಲಿ ಗರ್ಭ ನಿಂತದ್ದು ಇದ್ದರೆ, ಪತಿಗೆ ಬಾಲ್ಯದಲ್ಲಿ ವೃಷಣ ಕೆಳಗಿಳಿಯದಿದ್ದರೆ ಅಥವಾ ಹರೆಯದ ಬಳಿಕ ಮಂಗನಬಾವಿನಿಂದ ವೃಷಣ ಊದಿಕೊಂಡಿದ್ದರೆ ವರ್ಷವಿಡೀ ಕಾಯುವ ಅಗತ್ಯವಿಲ್ಲ.

ಸಾಮಾನ್ಯ ಕಾರಣಗಳು

ಸ್ತ್ರೀಯರಲ್ಲಿ ಅಂಡಾಣು ನಿಯಮಿತವಾಗಿ ಬಿಡುಗಡೆಯಾಗದಿರುವುದು ಮುಖ್ಯ ಕಾರಣ. ಇದರ ಹಿಂದೆ ಬಹುಪಾಲು ಪಿ.ಸಿ.ಓ.ಎಸ್. ಇರುತ್ತದೆ, ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ದೋಷಗಳೂ ಇರಬಹುದು. ಪಿ.ಸಿ.ಓ.ಎಸ್. ಇರುವ ಸ್ಥೂಲಕಾಯದವರಲ್ಲಿ ತೂಕವನ್ನು ಶೇ. 5ರಿಂದ 10ರಷ್ಟು ಇಳಿಸಿದರೂ ಮುಟ್ಟು ಸರಿಹೋಗುವ ಸಂಭವವಿದೆ. ಗರ್ಭಕೋಶದ ಒಳಪದರದಂತಹ ಅಂಗಾಂಶವು ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಸುಮಾರು ಹತ್ತರಲ್ಲೊಬ್ಬ ಸ್ತ್ರೀಯನ್ನು ಬಾಧಿಸುತ್ತದೆ. "ಮುಟ್ಟೆಂದರೆ ನೋವು ಸಹಜ" ಎಂಬ ಹಿರಿಯರ ಮಾತಿನಿಂದ ಅದು ವರ್ಷಗಟ್ಟಲೆ ಪತ್ತೆಯಾಗದೆ ಉಳಿಯುವುದುಂಟು.

ನಮ್ಮ ದೇಶದಲ್ಲಿ ವಿಶೇಷವಾಗಿ ನೆನಪಿಡಬೇಕಾದದ್ದು ಸಂತಾನಾಂಗಗಳ ಕ್ಷಯ. ಕೆಮ್ಮಿಲ್ಲದೆ, ಜ್ವರವಿಲ್ಲದೆ ಇದು ಗರ್ಭನಾಳಗಳನ್ನು ಮುಚ್ಚಿಬಿಡಬಲ್ಲದು. ಜನನಿಬಿಡ ಚಾಳುಗಳ, ತುಂಬಿದ ಲೋಕಲ್ ರೈಲುಗಳ ಈ ನಗರದಲ್ಲಿ ಕ್ಷಯವು ಯಾರನ್ನೂ ತಟ್ಟಬಹುದಾದ್ದರಿಂದ ಹಿಂದಿನ ಕಾಯಿಲೆಯನ್ನು ವೈದ್ಯರಿಂದ ಮುಚ್ಚಿಡಬಾರದು.

ಪತಿಯ ಪರೀಕ್ಷೆ ಏಕೆ ಮೊದಲು?

ಸಂತಾನವಾಗದ ದಂಪತಿಗಳಲ್ಲಿ ಸರಿಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷನ ದೋಷವು ಒಂಟಿಯಾಗಿ ಅಥವಾ ಸ್ತ್ರೀಯ ದೋಷದೊಂದಿಗೆ ಸೇರಿ ಇರುತ್ತದೆ. ವೀರ್ಯ ಪರೀಕ್ಷೆಯು ನೋವಿಲ್ಲದ್ದು, ಅಗ್ಗದ್ದು. ಆದರೂ ಪತ್ನಿಗೆ ಲ್ಯಾಪರೊಸ್ಕೋಪಿ ಆದ ಮೇಲೂ ಪತಿ ಪರೀಕ್ಷೆಗೆ ಹೋಗದಿರುವ ಉದಾಹರಣೆಗಳಿವೆ. ಪುರುಷತ್ವಕ್ಕೂ ವೀರ್ಯಾಣುಗಳ ಸಂಖ್ಯೆಗೂ ಸಂಬಂಧವಿಲ್ಲವೆಂಬುದನ್ನು ಗಂಡಸರು ಅರಿಯಬೇಕು.

ಪರೀಕ್ಷೆಗೆ ಮೊದಲು 2ರಿಂದ 7 ದಿನಗಳ ಸಂಯಮವಿರಬೇಕು. ಮಾದರಿಯು ಒಂದು ಗಂಟೆಯೊಳಗೆ ಪ್ರಯೋಗಾಲಯದಲ್ಲಿರಬೇಕಾದ್ದರಿಂದ ವಿರಾರ್‌ನಿಂದ ದಾದರ್‌ಗೆ ರೈಲಿನಲ್ಲಿ ತರುವುದಕ್ಕಿಂತ ಪ್ರಯೋಗಾಲಯದಲ್ಲಿಯೇ ಕೊಡುವುದು ಲೇಸು. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹಿಡಿಯುತ್ತದೆ. ಹೀಗಾಗಿ ಒಂದು ವರದಿ ಸರಿಯಿಲ್ಲದಿದ್ದರೆ ಸಾಮಾನ್ಯವಾಗಿ ಮೂರು ತಿಂಗಳ ಬಳಿಕ ಮತ್ತೊಮ್ಮೆ ನೋಡಲಾಗುತ್ತದೆ. ತಂಬಾಕು, ಗುಟ್ಕಾ, ಮದ್ಯ, ವ್ಯಾಯಾಮಶಾಲೆಗಳಲ್ಲಿ ಕೊಡುವ ಟೆಸ್ಟೊಸ್ಟೆರಾನ್ ಚುಚ್ಚುಮದ್ದು ಇವೆಲ್ಲ ಹಾನಿಕರ. ಅತಿಯಾದ ಶಾಖವೂ ವೀರ್ಯಾಣುಗಳಿಗೆ ಒಗ್ಗದು. ದಿನವಿಡೀ ಹೋಟೆಲಿನ ಒಲೆಯ ಮುಂದೆ ನಿಲ್ಲುವವರು ಅದನ್ನು ವೈದ್ಯರಿಗೆ ತಿಳಿಸಬೇಕು.

ಹರಕೆ, ಮನೆಮದ್ದು ಮತ್ತು ಕಾಲಹರಣ

ಅಶ್ವತ್ಥ ಪ್ರದಕ್ಷಿಣೆ, ನಾಗಪ್ರತಿಷ್ಠೆ, ಕುಕ್ಕೆ ಸುಬ್ರಹ್ಮಣ್ಯದ ಸರ್ಪಸಂಸ್ಕಾರ ಇವು ನಮ್ಮ ಶ್ರದ್ಧೆಯ ಭಾಗಗಳು. ಅವು ಮನಸ್ಸಿಗೆ ನೆಮ್ಮದಿ ನೀಡುತ್ತವೆಯಾದರೆ ಒಳಿತೇ. ಆದರೆ ಹರಕೆ ತೀರಿದ ಮೇಲೆ ನೋಡೋಣವೆಂದು ಪರೀಕ್ಷೆಯನ್ನು ಮುಂದೂಡುವುದು ಸಲ್ಲದು. ಎರಡೂ ಜೊತೆಯಾಗಿ ನಡೆಯಬಹುದು. ಹೆಸರಿಲ್ಲದ ಪುಡಿ, ಲೇಹ್ಯಗಳನ್ನು ಸೇವಿಸಬಾರದು. ಗಂಡು ಮಗುವಾಗುವುದೆಂದು ಹೇಳಿ ಕೊಡುವ ಔಷಧಗಳಂತೂ ವಂಚನೆಯಷ್ಟೇ ಅಲ್ಲ, ಹುಟ್ಟುವ ಶಿಶುವಿಗೆ ಅಪಾಯಕಾರಿಯೂ ಹೌದು. "ಗರ್ಭಕೋಶ ಸ್ವಚ್ಛ ಮಾಡಿಸಿದರೆ ಮಗುವಾಗುತ್ತದೆ" ಎಂಬ ನಂಬಿಕೆಯೂ ಆಧಾರರಹಿತ.

ಮುಂಬಯಿಯ ಕೊಡುಗೆ

ಜಗತ್ತಿನ ಪ್ರಥಮ ಪ್ರನಾಳ ಶಿಶು 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜನಿಸಿತು. ಅದೇ ವರ್ಷದ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಭಾರತದ ಮೊದಲ ಪ್ರನಾಳ ಶಿಶು ಜನಿಸಿತಾದರೂ ಅವರ ಕಾಲದಲ್ಲಿ ಅದಕ್ಕೆ ಮನ್ನಣೆ ದೊರೆಯಲಿಲ್ಲ. ವೈಜ್ಞಾನಿಕವಾಗಿ ದಾಖಲಾದ ಭಾರತದ ಪ್ರಥಮ ಪ್ರನಾಳ ಶಿಶುವಿನ ಜನನ 1986ರ ಆಗಸ್ಟ್ 6ರಂದು ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಆಯಿತು. ಡಾ. ಇಂದಿರಾ ಹಿಂದುಜಾ ಅವರೊಂದಿಗೆ, ಪರೇಲಿನಲ್ಲಿಯೇ ಇರುವ ಸಂತಾನೋತ್ಪತ್ತಿ ಸಂಶೋಧನಾ ಸಂಸ್ಥೆಯ ಅಂದಿನ ನಿರ್ದೇಶಕ ಡಾ. ಟಿ. ಸಿ. ಆನಂದ ಕುಮಾರ್ ಈ ಸಾಧನೆಯಲ್ಲಿ ಭಾಗಿಗಳು. ಹಳೆಯ ದಾಖಲೆಗಳನ್ನು ಪರಿಶೀಲಿಸಿ, ಮೊದಲಿಗರೆಂಬ ಗೌರವ ಮುಖೋಪಾಧ್ಯಾಯರಿಗೆ ಸಲ್ಲಬೇಕೆಂದು 1997ರಲ್ಲಿ ಬರೆದವರು ಇದೇ ಆನಂದ ಕುಮಾರರು.

ಈ ಘಟನೆ ನಡೆದದ್ದು ನಗರಪಾಲಿಕೆಯ ಆಸ್ಪತ್ರೆಯಲ್ಲಿ ಎಂಬುದು ಗಮನಾರ್ಹ. ಇಂದಿಗೂ ಕೆ.ಇ.ಎಂ., ಸಯನ್, ನಾಯರ್, ಕೂಪರ್ ಮುಂತಾದ ಪಾಲಿಕೆಯ ಆಸ್ಪತ್ರೆಗಳ ಸ್ತ್ರೀರೋಗ ವಿಭಾಗಗಳಿಂದ ತಪಾಸಣೆ ಆರಂಭಿಸಬಹುದು. ಮೊದಲ ಭೇಟಿಗೆ ಇಬ್ಬರೂ ಹೋಗಬೇಕು. ಆರು ತಿಂಗಳ ಮುಟ್ಟಿನ ದಿನಾಂಕಗಳು, ಹಳೆಯ ವರದಿಗಳು, ಸೇವಿಸುತ್ತಿರುವ ಔಷಧಗಳ ಪಟ್ಟಿ ಕೈಯಲ್ಲಿರಲಿ. ರಕ್ತ ಪರೀಕ್ಷೆ, ಸೋನೊಗ್ರಫಿ, ವೀರ್ಯ ಪರೀಕ್ಷೆ, ಅಗತ್ಯವಿದ್ದರೆ ಗರ್ಭನಾಳಗಳ ಎಕ್ಸ್-ರೇ, ಇಷ್ಟರಿಂದ ಬಹುತೇಕ ದಾರಿ ಸ್ಪಷ್ಟವಾಗುತ್ತದೆ. ಎಲ್ಲರಿಗೂ ಪ್ರನಾಳ ಶಿಶು ಚಿಕಿತ್ಸೆಯೇ ಬೇಕೆಂದಿಲ್ಲ. ಅನೇಕರಿಗೆ ಗುಳಿಗೆಗಳೇ ಸಾಕಾಗುತ್ತವೆ. ಖಾಸಗಿ ಕೇಂದ್ರಕ್ಕೆ ಹೋಗುವವರು ಅದು 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯಿದೆಯಡಿ ನೋಂದಾಯಿತವೇ ಎಂದು ಕೇಳಿ ನೋಡಬೇಕು. ಈ ಕಾಯಿದೆಯಂತೆ ಸ್ತ್ರೀಗೆ 21ರಿಂದ 50, ಪುರುಷನಿಗೆ 21ರಿಂದ 55 ವಯೋಮಿತಿಯಿದೆ. ಭ್ರೂಣದ ಲಿಂಗ ಆಯ್ಕೆ ಅಪರಾಧ.

ಗರ್ಭಕ್ಕೆ ಮೊದಲೇ ಸಿದ್ಧತೆ

ಗರ್ಭಧಾರಣೆಗೆ ಪ್ರಯತ್ನಿಸುವ ಸ್ತ್ರೀಯರು ವೈದ್ಯರ ಸಲಹೆಯಂತೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸೇವಿಸುವುದರಿಂದ ಶಿಶುವಿನ ಬೆನ್ನುಹುರಿಯ ದೋಷಗಳನ್ನು ಬಹುಮಟ್ಟಿಗೆ ತಡೆಯಬಹುದು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ರಕ್ತಹೀನತೆ, ಥೈರಾಯ್ಡ್ ಹತೋಟಿಯಲ್ಲಿರಬೇಕು. ಮನೆಯ ಪರೀಕ್ಷೆಯಲ್ಲಿ ಗರ್ಭ ಖಚಿತವಾದ ಮೇಲೆ ಒಂದು ಬದಿಯ ಹೊಟ್ಟೆನೋವು, ರಕ್ತಸ್ರಾವ, ತಲೆಸುತ್ತು ಕಂಡರೆ ಗರ್ಭವು ನಾಳದಲ್ಲಿ ನಿಂತಿರಬಹುದು. ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮನೆಯವರ ಪಾತ್ರ

ಎಲ್ಲ ಚಿಕಿತ್ಸೆಗಳೂ ಫಲಿಸುವುದಿಲ್ಲ. ಅಂತಹವರಿಗೆ ಕಾನೂನುಬದ್ಧ ದತ್ತು ಸ್ವೀಕಾರದ ದಾರಿಯಿದೆ. ಮಕ್ಕಳಿಲ್ಲದೆ ಸಾರ್ಥಕವಾಗಿ ಬಾಳುವ ದಾರಿಯೂ ಇದೆ. ಸಂತಾನವಿಲ್ಲವೆಂಬ ನಿಂದೆಯನ್ನು ಸಹಿಸಿದ ಮಾಗಡಿ ತಾಲೂಕಿನ ಹುಲಿಕಲ್ಲಿನ ತಿಮ್ಮಕ್ಕನವರು ಪತಿ ಚಿಕ್ಕಯ್ಯನವರೊಂದಿಗೆ ಹೆದ್ದಾರಿಯ ಬದಿಯಲ್ಲಿ ಆಲದ ಸಸಿಗಳನ್ನು ನೆಟ್ಟು, ನೀರು ಹೊತ್ತು ಬೆಳೆಸಿ ಸಾಲುಮರದ ತಿಮ್ಮಕ್ಕನೆನಿಸಿದರು. 2019ರಲ್ಲಿ ಪದ್ಮಶ್ರೀ ಪಡೆದ ಅವರು 2025ರ ನವೆಂಬರ್‌ನಲ್ಲಿ ನಿಧನರಾದಾಗ ನಾಡೇ ಕಂಬನಿ ಮಿಡಿಯಿತು.

ಅತ್ತೆ-ಮಾವಂದಿರು, ನಾದಿನಿ, ಓರಗಿತ್ತಿಯರು ಮಾಡಬಹುದಾದ ದೊಡ್ಡ ಉಪಕಾರವೆಂದರೆ ಪದೇ ಪದೇ ವಿಚಾರಿಸದಿರುವುದು, ಸೀಮಂತ ನಾಮಕರಣಗಳಿಂದ ಸೊಸೆಯನ್ನು ದೂರವಿಡದಿರುವುದು, ಮತ್ತು ಮಗನಿಗೆ "ನೀನೂ ಜೊತೆಗೆ ಹೋಗು" ಎಂದು ಹೇಳುವುದು. ಪತಿ-ಪತ್ನಿಯರಿಬ್ಬರೂ ಸಕಾಲದಲ್ಲಿ, ಒಂದೇ ದಿನ, ಒಂದೇ ವೈದ್ಯರ ಮುಂದೆ ಕುಳಿತರೆ ವರ್ಷಗಳ ಅಲೆದಾಟ ತಪ್ಪುತ್ತದೆ.